ಮೂಗಿನ ಮಾಮನ ದ್ರಾಕ್ಷಿ

ದ್ರಾಕ್ಷಿಯನ್ನು ಮೂಸಿ ಆರಿಸುವುದರಲ್ಲಿ ಮೂಗಿನ ಮಾಮನನ್ನು ಮೀರಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಹುಟ್ಟಲೆಂದು ಹೊರಟವನೊಬ್ಬ ಈ ಮೂಗಿನ ಸುದ್ದಿ ಕೇಳಿ ಅರ್ಧ ದಾರಿಯಿಂದಲೇ ವಾಪಸು ಹೋದನಂತೆ. ಮಾತು ಮಾಮನದೇ. ಗೊಂಚಲನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಬಳ್ಳಿ ದಿಬ್ಬದ ಯಾವ ಮಗ್ಗುಲಲ್ಲಿತ್ತು, ಕಳೆದ ವಾರ ಅದರ ಮೇಲೆ ಬಿಸಿಲು ಬಿದ್ದಿತ್ತೋ ಮೋಡ ಕವಿದಿತ್ತೋ, ಕೊಯ್ದವಳು ಗಂಡನೊಡನೆ ಜಗಳವಾಡಿ ಬಂದಿದ್ದಳೋ ಹಾಡಿಕೊಂಡು ಬಂದಿದ್ದಳೋ, ಎಲ್ಲವನ್ನೂ ಒಪ್ಪಿಸಿಬಿಡುತ್ತೇನೆ ಎನ್ನುತ್ತಿದ್ದ. ಬೀದಿಯವರು ತಲೆಯಾಡಿಸುತ್ತಿದ್ದರು. ಆ ಮೂಗನ್ನು ಕಣ್ಣಾರೆ ಕಂಡವರು ತಲೆಯಾಡಿಸದೆ ಇನ್ನೇನು ಮಾಡಿಯಾರು? ಬೀದಿಯ ತಿರುವಿನಲ್ಲಿ ಮೊದಲು ಮೂಗು ಕಾಣಿಸುತ್ತಿತ್ತು. ಮನೆಯವರು ಕಾಫಿಗೆ ನೀರಿಟ್ಟು, ನೀರು ಕುದಿ ಬಂದ ಮೇಲೆ ಮಾಮ ಬರುತ್ತಿದ್ದ. ಎಂಥ ಜೋರು ಮಳೆಯಲ್ಲೂ ಅವನ ಮೀಸೆ ನೆನೆದದ್ದನ್ನು ಕಂಡವರಿಲ್ಲ.

ಮಾಮ ಕಾರುಗಳಿಗೆ ಬಣ್ಣ ಹೊಡೆಯುವವನು. ಗ್ಯಾರೇಜಿನ ಹಿಂಭಾಗದಲ್ಲಿ ಒಂದು ತಗಡಿನ ಕೋಣೆ. ಧೂಳು ಬೀಳದ ಹಾಗೆ ಸುತ್ತಲೂ ಟಾರ್ಪಾಲು ಇಳಿಬಿಟ್ಟು, ಬಣ್ಣದ ಗನ್ನು ಹಿಡಿದು, ಆಯುಷ್ಯದ ಮುಕ್ಕಾಲು ಪಾಲನ್ನು ಅದರೊಳಗೆ ನಿಂತೇ ಕಳೆದಿದ್ದ. ಅವನು ಬಣ್ಣ ಹೊಡೆದ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತು. ಒಬ್ಬ ಹಾಗೆಯೇ ಹೆರೆದುಕೊಂಡು, ನೇರ ಹೋಗಿ ಹೆಣ್ಣು ಒಪ್ಪಿಸಿಕೊಂಡು ಬಂದನೆಂಬ ಮಾತೂ ಇದೆ. ಸಂಜೆಯಾದರೆ ಬಣ್ಣಕ್ಕೆ ಬೆರೆಸುವ ತಿನ್ನರಿನ ವಾಸನೆ ಮಾಮನಿಗಿಂತ ಮೊದಲೇ ಮನೆಯೊಳಗೆ ಹೋಗಿ ಕುರ್ಚಿ ಹಿಡಿಯುತ್ತಿತ್ತು. ಹೆಂಡತಿ ಅವನನ್ನು ಹಿತ್ತಲ ಬಾಗಿಲಲ್ಲೇ ತಡೆದು, ಅಂಗಿ ಬಿಚ್ಚಿಸಿ, ಅದನ್ನು ಎರಡೇ ಬೆರಳಲ್ಲಿ ಹಿಡಿದು ತಂತಿಗೆ ನೇತುಹಾಕುತ್ತಿದ್ದಳು. ಇವನು ಬೀದಿಗೆಲ್ಲ ಮಾಮ, ಹಾಗಾಗಿ ಅವಳು ಬೀದಿಗೆಲ್ಲ ಅತ್ತೆ. ಸಣ್ಣ ಆಳು, ಸಣ್ಣ ದನಿ. ಮೂಗಂತೂ ಎಷ್ಟು ಸಣ್ಣದೆಂದರೆ ಕನ್ನಡಕ ನಿಲ್ಲಲು ಜಾಗವಿಲ್ಲದೆ ದಿನವಿಡೀ ಜಾರುತ್ತಿತ್ತು.

ಆ ಬೀದಿಯವರು ವೈನನ್ನು ಮನೆಗೊಂದರಂತೆ ಮಾಡುತ್ತಿರಲಿಲ್ಲ. ಮಾಮನ ಹಿತ್ತಲ ಶೆಡ್ಡಿನಲ್ಲಿ ಒಂದೇ ಒಂದು ದೊಡ್ಡ ಮರದ ಪೀಪಾಯಿ. ವರ್ಷಕ್ಕೊಮ್ಮೆ ಎಲ್ಲರ ಪಾಲಿನ ಹಣ್ಣೂ ಅದರೊಳಗೆ. ತೊಟ್ಟು ಬಿಡಿಸುವವರು, ಹಿಸುಕುವವರು, ಸುಮ್ಮನೆ ನಿಂತು ಸಲಹೆ ಕೊಡುವವರು ಎಲ್ಲ ಅಲ್ಲೇ ಸೇರುತ್ತಿದ್ದರು. ರಸ ಉಕ್ಕಿ ಇಳಿದ ಮೇಲೆ ಸೋಸುವ ದಿನ ಎಲ್ಲರೂ ಖಾಲಿ ಬಾಟಲಿ ಹಿಡಿದುಕೊಂಡು ಬರುತ್ತಿದ್ದರು. ಆ ವೈನು ಎಂಥದ್ದೆಂದರೆ, ಪಕ್ಕದ ಮನೆಯ ಟೈಲರ್ ಒಂದು ಲೋಟ ಕುಡಿದ ಮೇಲೆ ಹೊಲಿದ ಕೋಟಿಗೆ ಮೂರು ತೋಳು ಬಂದಿತ್ತು. ತೊಟ್ಟವನಿಗೂ ಒಂದು ಲೋಟ ಕೊಟ್ಟದ್ದರಿಂದ ಅವನು ಮೂರನ್ನೂ ತುಂಬಿಸಿಕೊಂಡು ಖುಷಿಯಾಗಿ ಹೋದ.

ಇಂಥ ವೈನಿಗೆ ಅಂಗಡಿಯ ದ್ರಾಕ್ಷಿ ಆಗಿಬರುವುದಿಲ್ಲ. ಅದು ನೋಡಲು ಮದುಮಗನ ಹಾಗೆ, ಮೇಲೆಲ್ಲ ಹೊಳಪು, ಒಳಗೆ ಬರೀ ನೀರು. ವೈನಿಗೆ ಬೇಕಾದದ್ದು ಸಣ್ಣ ಕಪ್ಪು ಹಣ್ಣು, ದಪ್ಪ ಸಿಪ್ಪೆ, ತುಂಬಾ ಬೀಜ. ಸಿಪ್ಪೆಯ ಮೇಲೆ ಬೂದಿ ಸವರಿದಂಥ ಬಿಳಿ ಹುಡಿ ಇರಬೇಕು. ರಸ ಉಕ್ಕುವುದು ಅದರಿಂದಲೇ. ತೊಳೆದರೆ ಹುಡಿ ಹೋಗುತ್ತದೆ, ಹುಡಿ ಹೋದರೆ ಕೆಲಸ ಕೆಟ್ಟಿತು. ತೊಳೆಯುವಂತಿಲ್ಲ ಎಂದ ಮೇಲೆ ಹಣ್ಣಿಗೆ ಯಾವ ಕೆಟ್ಟ ವಾಸನೆಯೂ ತಾಗಿರಬಾರದು. ಒಳಗೊಳಗೇ ಬೂಸಲು ಹಿಡಿದದ್ದಾಗಲಿ, ಔಷಧಿ ಹೊಡೆದದ್ದಾಗಲಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹಿಡಿಯಬೇಕಾದದ್ದು ಮೂಗು. ಅದಕ್ಕೇ ಬೀದಿಯವರು ಹಣ್ಣು ತರುವ ಕೆಲಸವನ್ನು ಮಾಮನಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದರು.

ಊರಾಚೆಯ ದಿಬ್ಬದಲ್ಲಿ ಒಬ್ಬ ಮುದುಕಿಯ ದ್ರಾಕ್ಷಿ ತೋಟವಿತ್ತು. ತೋಟದಮ್ಮ ಎಂದೇ ಎಲ್ಲರೂ ಕರೆಯುವುದು. ಹಲವು ವರ್ಷಗಳಿಂದ ಮಾಮ ಗ್ಯಾರೇಜಿನ ವ್ಯಾನು ಕೇಳಿ ತಂದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಬಳ್ಳಿಗಳ ಸಾಲಿನಲ್ಲಿ ನಿಂತು, ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆಯುತ್ತಿದ್ದ. ಆ ಎಳೆತಕ್ಕೆ ಪಕ್ಕದ ಸಾಲಿನ ಎಲೆಗಳೂ ಇತ್ತ ವಾಲುತ್ತಿದ್ದವಂತೆ. ಹಿಂದೆ ಅತ್ತೆ ಖಾಲಿ ಬುಟ್ಟಿ ಹಿಡಿದು ನಿಂತಿರುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮಾಮ ಕಣ್ಣು ಬಿಟ್ಟು, ನ್ಯಾಯಾಧೀಶ ತೀರ್ಪು ಕೊಟ್ಟ ಹಾಗೆ, ಈ ಸಾಲು ಬೇಡ ಅಥವಾ ಈ ಸಾಲು ಕೊಯ್ಯಿರಿ ಎಂದು ಹೇಳುತ್ತಿದ್ದ. ಆ ತೀರ್ಪು ಒಂದು ವರ್ಷವೂ ತಪ್ಪಿದ್ದಿಲ್ಲ.

ಮಾಮನ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ ಎಂಬುದನ್ನು ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತಿನ್ನರು ವರ್ಷಗಟ್ಟಲೆ ಆ ದೊಡ್ಡ ಮೂಗಿನ ಒಳಗೆ ಹೋಗಿ ಬಂದು, ಕೊನೆಗೆ ಒಳಗಿದ್ದುದನ್ನೆಲ್ಲ ಖಾಲಿ ಮಾಡಿ ಬೀಗ ಹಾಕಿಕೊಂಡು ಹೋಗಿತ್ತು. ಇದು ಯಾವಾಗ ಆಯಿತೆಂದು ಮಾಮನಿಗೇ ಗೊತ್ತಿಲ್ಲ. ಮೊದಲು ಹೂವು ಹೋಯಿತು, ಆಮೇಲೆ ಮಳೆ ಬಿದ್ದ ಮಣ್ಣು, ಆಮೇಲೆ ಹುರಿದ ಈರುಳ್ಳಿ. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿತ್ತು, ಪಕ್ಕದಲ್ಲೇ ಮಾಮ ಪೇಪರ್ ಓದುತ್ತಾ ಕೂತಿದ್ದ. ಹಾಲು ಉಕ್ಕಿ, ಆರಿ, ಸೀದು, ಪಾತ್ರೆ ಕಪ್ಪಾಯಿತು. ಬಟ್ಟೆ ಒಣಗಿಸಲು ಹೋಗಿದ್ದ ಅತ್ತೆ ಹಿತ್ತಲ ತುದಿಯಿಂದ ಓಡಿ ಬಂದಳು. ಗಂಡನ ಮುಖ ನೋಡಿದಳು. ಅವನು ಕ್ರೀಡೆಯ ಪುಟ ಓದುತ್ತಿದ್ದ. ಒಲೆ ಆರಿಸಿ, ಕಿಟಕಿ ತೆರೆದು, ಪಾತ್ರೆ ತಿಕ್ಕಲು ಕೂತಳು.

ಆ ವರ್ಷ ದ್ರಾಕ್ಷಿ ತೋಟಕ್ಕೆ ಹೊರಟಾಗ ಬುಟ್ಟಿ ಹಿಡಿದು ತಾನೂ ವ್ಯಾನು ಹತ್ತಿದಳು. ಅದುವರೆಗೆ ಅವಳು ತೋಟಕ್ಕೆ ಬಂದವಳೇ ಅಲ್ಲ. ಮಾಮ ಗೊಂಚಲು ಹಿಡಿದು, ಕಣ್ಣು ಮುಚ್ಚಿ, ಇನ್ನು ಏನು ಹೇಳುವುದೆಂದು ಒಳಗೊಳಗೇ ಬೆವರುತ್ತಿದ್ದಾಗ ಬುಟ್ಟಿಯ ಅಂಚು ಅವನ ಮೊಣಕೈಗೆ ಮೆತ್ತಗೆ ತಾಗಿತು. ಬೇಡ ಎಂದ. ಮುಂದಿನ ಸಾಲಿನಲ್ಲಿ ಮತ್ತೆ ತಾಗಿತು, ಮತ್ತೆ ಬೇಡ ಎಂದ. ಅದರ ಮುಂದಿನ ಸಾಲಿನಲ್ಲಿ ಬುಟ್ಟಿ ನೆಲಕ್ಕಿಳಿದ ಸದ್ದಾಯಿತು. ಕೊಯ್ಯಿರಿ ಎಂದ. ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಮೊಮ್ಮಕ್ಕಳ ಶಾಲೆಯ ಬಗ್ಗೆ ಮಾತಾಡಿದರು. ಆಮೇಲೆ ಎಷ್ಟೋ ವರ್ಷ ಹೀಗೇ ನಡೆಯಿತು. ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಗಂಡ ಹೆಂಡಿರ ನಡುವೆಯೂ ಆ ಗುಟ್ಟು ಗುಟ್ಟಾಗಿಯೇ ಉಳಿಯಿತು. ಬೀದಿಯಲ್ಲಿ ಮಾಮ ಜಂಬ ಕೊಚ್ಚಿಕೊಳ್ಳುವಾಗ ಅವಳು ಕನ್ನಡಕ ಮೇಲೆ ತಳ್ಳಿಕೊಂಡು, ಹೌದೌದು, ಇವರ ಮೂಗಿಗೆ ವಿಮೆ ಮಾಡಿಸಬೇಕು ಎಂದು ನಗುತ್ತಿದ್ದಳು.

ಹೋದ ವರ್ಷದ ವೈನು ಸೋಸಿ, ಬಾಟಲಿ ತುಂಬಿಸಿ, ಪೀಪಾಯಿ ತೊಳೆದು ಮಗುಚಿಟ್ಟ ಮೇಲೆ ಅವಳಿಗೆ ಜ್ವರ ಬಂತು. ಬಂದ ಜ್ವರ ಎದೆಗಿಳಿಯಿತು. ಆಸ್ಪತ್ರೆಯ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ. ಅಲ್ಲಿಂದ ಮನೆಗೆ ಮರಳಲಿಲ್ಲ.

ಎಲ್ಲ ಮುಗಿದು ದೂರದೂರಿನ ಮಕ್ಕಳೂ ನೆಂಟರೂ ಹೋದ ಮೇಲೆ ಅತ್ತೆಯ ತಂಗಿ ಒಬ್ಬಳು ಉಳಿದಳು. ಅವಳ ಮನೆಯೂ ಅದೇ ಬೀದಿಯ ಆ ತುದಿಯಲ್ಲಿತ್ತು. ಅಕ್ಕನ ಬೀರು ತೆರೆದು ಬಟ್ಟೆ ಮಡಿಸುವಾಗ ಅವಳ ಕೈಗೆ ಒಂದು ಹಳೆಯ ಹತ್ತಿಯ ದುಪ್ಪಟಿ ಸಿಕ್ಕಿತು. ದ್ರಾಕ್ಷಿ ತರಲು ಹೋಗುವಾಗ ಅತ್ತೆ ವ್ಯಾನಿನ ನೆಲ ಉಜ್ಜಿ ತೊಳೆದು, ಈ ದುಪ್ಪಟಿ ಹಾಸಿ, ಅರ್ಧವನ್ನು ಹಣ್ಣಿನ ಮೇಲೆ ಹೊದಿಸಿ ತರುತ್ತಿದ್ದಳು. ಬೇರೆ ದಿನಗಳಲ್ಲಿ ಅದನ್ನೇ ಹೊದ್ದು ಮಲಗುತ್ತಿದ್ದಳು. ತಂಗಿ ಅದರಲ್ಲಿ ಮುಖವಿಟ್ಟು ತುಂಬಾ ಹೊತ್ತು ಕೂತಳು.

"ಅಕ್ಕನ ವಾಸನೆ ಇನ್ನೂ ಹಾಗೇ ಇದೆ ಭಾವ" ಎಂದು ಅದನ್ನು ಮಾಮನ ಕೈಗಿತ್ತಳು.

ಮಾಮ ದುಪ್ಪಟಿಯನ್ನು ಮೂಗಿಗೆ ಹಿಡಿದ. ಕಣ್ಣು ಮುಚ್ಚಿದ. ಬಳ್ಳಿಯ ಸಾಲಿನಲ್ಲಿ ನಿಂತು ಯಾವತ್ತೂ ಎಳೆಯದಷ್ಟು ಉಸಿರೆಳೆದ. ಬಟ್ಟೆ ಮೆತ್ತಗಿತ್ತು, ತಣ್ಣಗಿತ್ತು, ಅಷ್ಟೇ. ಬರೀ ಗೋಡೆಯನ್ನು ಮೂಸಿದರೆ ಎಷ್ಟೋ ಅಷ್ಟು.

"ಹೌದು, ಇದೆ" ಎಂದ.

ಆಮೇಲೆ ಅದನ್ನು ತಾನೇ ಮಡಿಸಿ, ಬೀರುವಿನ ಒಳಗಿನ ಖಾನೆಯಲ್ಲಿಟ್ಟು ಬಾಗಿಲು ಭದ್ರಪಡಿಸಿದ. ತನಗೆ ಸಿಗದಿದ್ದರೇನಾಯಿತು, ವಾಸನೆ ಒಳಗಿದೆ. ಬಾಗಿಲು ತೆರೆದರೆ ಅದು ಹೊರಗೆ ಹೋಗಿಬಿಡುತ್ತದೆ, ಹೋದದ್ದು ತನಗೆ ಗೊತ್ತೂ ಆಗುವುದಿಲ್ಲ. ಹಾಗೆಂದುಕೊಂಡವನು ಆ ಬೀರುವಿನ ಹತ್ತಿರ ಸುಳಿಯಲಿಲ್ಲ. ಒಳಗಿದ್ದ ತನ್ನ ಒಳ್ಳೆಯ ಅಂಗಿಗಳನ್ನೂ ಬಿಟ್ಟುಕೊಟ್ಟು, ಹೊರಗಿದ್ದ ಎರಡು ಅಂಗಿಗಳಲ್ಲೇ ದಿನ ದೂಡಿದ.

ಹಣ್ಣಿನ ಕಾಲ ಬಂತು. ಬೀದಿಯವರು ಮೊದಮೊದಲು ಮಾಮನೆದುರು ದ್ರಾಕ್ಷಿ ಎಂಬ ಮಾತನ್ನೇ ಎತ್ತಲಿಲ್ಲ. ಆಮೇಲೆ ಬೇಕರಿಯವನು ಬಂದು, ಮಾಮ, ಈ ಸಲ ಬೇಡ ಅನ್ನಿಸಿದರೆ ಬೇಡ, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದ. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಮಾಮನಿಗೆ ಬಿಡಲಾಗಲಿಲ್ಲ. ಬಿಟ್ಟರೆ ಬೀದಿಯಲ್ಲಿ ತಾನು ಯಾರು? ವಯಸ್ಸಾಗಿ ಬಣ್ಣ ಹೊಡೆಯುವುದೂ ನಿಂತಿತ್ತು, ಹೆಂಡತಿಯೂ ಇಲ್ಲ, ಉಳಿದದ್ದು ಮೂಗೊಂದೇ. ಇನ್ನೊಂದು ಯೋಚನೆಯೂ ಇತ್ತು, ಅದನ್ನು ತನಗೆ ತಾನೇ ಸರಿಯಾಗಿ ಹೇಳಿಕೊಳ್ಳಲೂ ಬರುತ್ತಿರಲಿಲ್ಲ: ದ್ರಾಕ್ಷಿ ಬರುತ್ತಿರುವವರೆಗೆ ಅವಳು ಮಾಡಿದ ಕೆಲಸ ಇನ್ನೂ ನಡೆಯುತ್ತಿದೆ. ಮೂಗು ಸತ್ತದ್ದೆಂದು ಗೊತ್ತಾದರೆ ಎರಡೂ ಒಟ್ಟಿಗೆ ಮುಗಿದ ಹಾಗೆ.

ನಾದಿನಿ ತಾನೂ ತೋಟಕ್ಕೆ ಬರುವೆನೆಂದಳು. ಅಕ್ಕನದೇ ಮೂಗು ಅವಳದೂ. ಮೂರು ಮನೆಯಾಚೆ ಬೇಯುವ ಬೇಳೆಗೆ ಉಪ್ಪು ಹಾಕಿಲ್ಲವೆಂದು ಇಲ್ಲಿಂದಲೇ ಹೇಳುವಂಥದ್ದು. ಅದಕ್ಕೇ ಮಾಮನಿಗೆ ಭಯ. ದ್ರಾಕ್ಷಿ ತರಲು ಮೆರವಣಿಗೆ ಬೇಕೇನಮ್ಮ ಎಂದು ತಮಾಷೆ ಮಾಡಿ ತಪ್ಪಿಸಿಕೊಂಡ. ಅವಳು ಮಗಳ ಬಾಣಂತನಕ್ಕೆ ಪಕ್ಕದ ಊರಿಗೆ ಹೊರಟದ್ದೇ ತಡ, ಹಣ್ಣು ಪಕ್ವವಾಗಿದೆ ಎಂದು ಘೋಷಿಸಿ ಗ್ಯಾರೇಜಿಗೆ ಹೋಗಿ ವ್ಯಾನು ಕೇಳಿದ.

ವ್ಯಾನಿನ ನೆಲ ತೊಳೆದ. ಹಾಸಲು ದುಪ್ಪಟಿ ಬೇಕಿತ್ತು. ಬೀರುವಿನ ಮುಂದೆ ನಿಂತು ಹಿಡಿಯ ಮೇಲೆ ಕೈಯಿಟ್ಟವನು ಹಾಗೇ ಕೈ ತೆಗೆದ. ಗ್ಯಾರೇಜಿನಲ್ಲಿ ಅವನು ಎಷ್ಟೋ ವರ್ಷ ಇಳಿಬಿಟ್ಟು ಎತ್ತಿದ ಹಳೆಯ ಟಾರ್ಪಾಲು ಮಡಿಸಿಟ್ಟಿದ್ದರು. ಗಟ್ಟಿ ಮಾಲು, ಎಲ್ಲೂ ಹರಿದಿಲ್ಲ, ಕೊಡವಿದರೆ ಒಂದು ಕಣ ಧೂಳೂ ಏಳಲಿಲ್ಲ. ಕಣ್ಣಿಗೆ ಶುಭ್ರವಾಗಿ ಕಂಡದ್ದನ್ನು ಮಡಿಸಿ ವ್ಯಾನಿಗೆ ಹಾಕಿಕೊಂಡ.

ತೋಟದಮ್ಮ ಅವನು ಒಬ್ಬನೇ ಇಳಿದದ್ದನ್ನು ನೋಡಿದಳು. ವ್ಯಾನಿನ ಇನ್ನೊಂದು ಬಾಗಿಲನ್ನೂ ನೋಡಿದಳು. ಏನೂ ಕೇಳದೆ ಒಂದು ಚೊಂಬು ನೀರು ತಂದುಕೊಟ್ಟಳು. ಮಾಮ ವಿಷಯ ಹೇಳಿದ. ಹೇಳುವಾಗ ಬಳ್ಳಿಯ ಕಡೆ ನೋಡುತ್ತಿದ್ದ. ಆಮೇಲೆ ಎದ್ದು, ವಾಡಿಕೆಯಂತೆ ಸಾಲಿನ ನಡುವೆ ನಿಂತು ಗೊಂಚಲು ಎತ್ತಿ ಕಣ್ಣು ಮುಚ್ಚಿದ. ಗಾಳಿ ಇರಲಿಲ್ಲ. ಮೊಣಕೈಗೆ ಏನೂ ತಾಗಲಿಲ್ಲ. ತಾಗುವುದಿಲ್ಲವೆಂದು ಗೊತ್ತಿದ್ದೂ ಮೊಣಕೈಯನ್ನು ಕೊಂಚ ಹಿಂದಕ್ಕೆ ಚಾಚಿಕೊಂಡೇ ನಿಂತಿದ್ದ. ಒಂದು ಸಾಲು, ಇನ್ನೊಂದು ಸಾಲು, ಮತ್ತೊಂದು. ತೀರ್ಪು ಬರಲಿಲ್ಲ. ಅಷ್ಟರಲ್ಲಿ ಹಿಂದೆ ಬುಟ್ಟಿಯೊಂದು ನೆಲಕ್ಕಿಳಿದ ಸದ್ದಾಯಿತು.

ಮಾಮ ತಿರುಗಿ ನೋಡಿದ. ತೋಟದಮ್ಮ ತನ್ನ ಬುಟ್ಟಿಯನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದಳು.

"ಈ ಸಾಲು ಚೆನ್ನಾಗಿದೆ ಅಣ್ಣ. ಅತ್ತಿಗೆ ಇದ್ದಿದ್ರೂ ಇದನ್ನೇ ಹೇಳ್ತಿದ್ರು" ಎಂದಳು.

ಅಂದರೆ ಇಷ್ಟು ವರ್ಷವೂ ಮುದುಕಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು. ಮಾಮ, ಕೊಯ್ಯಿರಿ ಎಂದ. ಒಂದು ಹಣ್ಣನ್ನು ಹಲ್ಲಿನಲ್ಲಿ ಒಡೆದು ನೋಡಿದ. ಸಿಪ್ಪೆ ಗಟ್ಟಿ, ನಾಲಗೆಗೆ ಸಿಹಿ ಮುಟ್ಟಿ ಆಮೇಲೆ ಹುಳಿ. ಹಣ್ಣು ನಿಜವಾಗಿಯೂ ಚೊಕ್ಕವಾಗಿತ್ತು. ವ್ಯಾನಿನಲ್ಲಿ ಟಾರ್ಪಾಲು ಹಾಸಿ, ಹಣ್ಣು ಸುರಿದು, ಬಿಸಿಲು ಬೀಳದಿರಲೆಂದು ಉಳಿದರ್ಧವನ್ನು ಮೇಲೆ ಮಡಚಿ, ಮಗುವಿಗೆ ಹೊದಿಸುವ ಹಾಗೆ ಅಂಚುಗಳನ್ನೆಲ್ಲ ಒಳಕ್ಕೆ ಸಿಕ್ಕಿಸಿದ. ಅದನ್ನು ನೋಡುತ್ತಿದ್ದ ತೋಟದಮ್ಮ ದೂರದಲ್ಲಿದ್ದಳು, ಗಾಳಿಯೂ ಇರಲಿಲ್ಲ. ಬಿಸಿಲಿಗೆ ಕಾದ ರಸ್ತೆಯಲ್ಲಿ ನಿಧಾನವಾಗಿ, ಒಂದು ಹಣ್ಣೂ ಜಜ್ಜದ ಹಾಗೆ ವ್ಯಾನು ಓಡಿಸಿಕೊಂಡು ಬಂದ. ದಾರಿಯುದ್ದಕ್ಕೂ ಹಳೆಯ ಟಾರ್ಪಾಲು ಬೆಚ್ಚಗಾಗುತ್ತಾ ಹೋಯಿತು.

ಹಣ್ಣು ಹಿಸುಕಲು ಬೀದಿಯವರು ಬಂದಾಗ ಮಾಮ ಹಿತ್ತಲ ಬಾಗಿಲು ತೆರೆಯಲಿಲ್ಲ. ಈ ಸಲ ತಾನೊಬ್ಬನೇ ಮಾಡುವೆನೆಂದು ಒಳಗಿನಿಂದಲೇ ಹೇಳಿದ. ಎಲ್ಲರಿಗೂ ಅರ್ಥವಾಯಿತು, ಅಂದರೆ ಎಲ್ಲರಿಗೂ ತಪ್ಪಾಗಿಯೇ ಅರ್ಥವಾಯಿತು. ಹೆಂಡತಿಯ ನೆನಪಲ್ಲಿ ಮಾಡುತ್ತಿದ್ದಾನೆ, ಪಾಪ, ಇರಲಿ ಬಿಡಿ ಎಂದು ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಾ ಹೋದರು. ಯಾರಾದರೂ ಪಕ್ಕದಲ್ಲಿ ನಿಂತು ವಾಸನೆ ಹೇಗಿದೆ ಮಾಮ ಎಂದು ಕೇಳಿಬಿಟ್ಟಾರೆಂಬ ಭಯ ಅವನದು. ಒಬ್ಬನೇ ತೊಟ್ಟು ಬಿಡಿಸಿದ, ಒಬ್ಬನೇ ಹಿಸುಕಿದ, ಪೀಪಾಯಿಯ ಬಾಯಿಗೆ ಬಟ್ಟೆ ಕಟ್ಟಿದ. ರಸ ಉಕ್ಕತೊಡಗಿದ ಮೇಲೆ ಬೆಳಿಗ್ಗೆ ಸಂಜೆ ಮರದ ಹುಟ್ಟಿನಿಂದ ಮೇಲೆ ತೇಲುವ ಸಿಪ್ಪೆಯನ್ನು ಕೆಳಗೆ ತಳ್ಳಿದ. ಗುಳುಗುಳು ಸದ್ದು ಕೇಳುತ್ತಿತ್ತು. ಕಿವಿಗೆ ಎಲ್ಲ ಸರಿಯಾಗಿಯೇ ಇತ್ತು.

ಗೋಡೆಯಾಚೆಯಿಂದ ಟೈಲರ್ ಒಮ್ಮೆ, ಏನು ಮಾಮ, ಮತ್ತೆ ಬಣ್ಣ ಹೊಡೆಯೋಕೆ ಶುರು ಮಾಡಿದ್ರಾ ಎಂದು ಕೇಳಿದ. ಟೈಲರ್ ಯಾವಾಗಲೂ ಅವನ ಹಳೆಯ ಉದ್ಯೋಗವನ್ನು ಆಡಿಕೊಳ್ಳುವವನೇ. ಹೌದಪ್ಪ, ನಿನ್ನ ತಲೆಗೂದಲಿಗೆ ಎಷ್ಟು ಡಬ್ಬ ಬೇಕು ಅಂತ ಲೆಕ್ಕ ಹಾಕ್ತಾ ಇದ್ದೀನಿ ಎಂದು ಮಾಮ ಉತ್ತರ ಕೊಟ್ಟು ಕಳಿಸಿದ. ಟೈಲರನ ತಲೆಯಲ್ಲಿ ಕೂದಲಿರಲಿಲ್ಲ; ಆದ್ದರಿಂದ ಮಾತು ಅಲ್ಲಿಗೇ ನಿಂತಿತು.

ಸೋಸುವ ದಿನ ಬೆಳಿಗ್ಗೆಯೇ ಜನ ಬಂದರು. ಬಾಣಂತನ ಮುಗಿಸಿದ ನಾದಿನಿಯೂ ಬಂದಿದ್ದಳು. ಅಂಗಳದಲ್ಲಿ ಮೇಜು, ಮೇಜಿನ ಮೇಲೆ ಬಾಟಲಿಗಳು. ಮೊದಲ ಲೋಟ ತುಂಬುವುದು ಮಾಮನ ಹಕ್ಕು. ಶೆಡ್ಡಿನೊಳಗೆ ಹೋಗಿ, ಪೀಪಾಯಿಯ ನಲ್ಲಿ ತಿರುಗಿಸಿ, ಲೋಟ ತುಂಬಿಕೊಂಡು ಬಂದು ಎಲ್ಲರ ನಡುವೆ ನಿಂತ. ಬಣ್ಣ ಅದ್ಭುತವಾಗಿತ್ತು. ಆ ಬಣ್ಣ ನೋಡಿ ಮಾಮನಿಗೇ ಧೈರ್ಯ ಬಂತು. ಲೋಟವನ್ನು ಮೂಗಿನ ಕೆಳಗೆ ಹಿಡಿದು, ಕಣ್ಣು ಮುಚ್ಚಿ, ಇಡೀ ಅಂಗಳದ ಗಾಳಿಯನ್ನು ಒಳಗೆಳೆದುಕೊಂಡ.

"ಹೋದ ವರ್ಷದ್ದನ್ನೂ ಮೀರಿಸಿದೆ" ಎಂದ. "ಘಮ ಅಂದ್ರೆ ಇದು. ದಿಬ್ಬದ ಮೇಲಿನ ಬಿಸಿಲೆಲ್ಲ ಇದರೊಳಗೆ ಇಳಿದಿದೆ."

ಲೋಟ ಟೈಲರನ ಕೈಗೆ ಹೋಯಿತು. ಟೈಲರ್ ಒಂದು ಗುಟುಕು ಬಾಯಿಗೆ ಹಾಕಿಕೊಂಡವನು ಅದನ್ನು ನುಂಗಲೂ ಆಗದೆ ಉಗುಳಲೂ ಆಗದೆ, ಬಾಯಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡವನ ಹಾಗೆ ನಿಂತ. ಕೊನೆಗೆ ಗೋಡೆಯ ಬುಡದ ಹುಲ್ಲಿಗೆ ಉಗಿದ. ಆ ಹುಲ್ಲು ಇವತ್ತಿಗೂ ಅಲ್ಲಿ ಬೆಳೆದಿಲ್ಲ. ಬೇಕರಿಯವನು ಮೂಸಿ ನೋಡಿ ಲೋಟವನ್ನು ಮೇಜಿನ ಮೇಲಿಟ್ಟ. ಒಬ್ಬರಾದ ಮೇಲೆ ಒಬ್ಬರು ಬಂದು ಮೂಸಿದರು, ಒಬ್ಬರಾದ ಮೇಲೆ ಒಬ್ಬರು ಮಾಮನ ಮುಖ ನೋಡಿದರು. ಮಾಮನಿಗೆ ಏನಾಗಿದೆಯೆಂದು ತಿಳಿಯಲಿಲ್ಲ. ಏನೋ ಆಗಿದೆಯೆಂದು ಮಾತ್ರ ತಿಳಿಯಿತು.

ನಾದಿನಿ ಹತ್ತಿರ ಬಂದಳು. ಬೇರೆಯವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು.

"ಭಾವ, ಇದು ನಿಮ್ಮ ಅಂಗಿಯ ವಾಸನೆ. ಅಕ್ಕ ತಂತಿ ಮೇಲೆ ಹಾಕ್ತಿದ್ಲಲ್ಲ, ಅದು. ಹಣ್ಣು ಯಾವುದರಲ್ಲಿ ತಂದ್ರಿ?"

"ಟಾರ್ಪಾಲಲ್ಲಿ."

"ದುಪ್ಪಟಿ ಏನಾಯ್ತು?"

ಅವಳು ಲೋಟದ ಕಡೆ ನೋಡಿದಳು, ಅವನ ಮೂಗಿನ ಕಡೆ ನೋಡಿದಳು, ಆಮೇಲೆ ಬೀರುವಿದ್ದ ಕೋಣೆಯ ಕಡೆ ನೋಡಿದಳು. ಅವಳ ಮುಖ ನಿಧಾನವಾಗಿ ಬದಲಾಯಿತು.

"ಅವತ್ತು ನಾನು ಕೊಟ್ಟಾಗ ವಾಸನೆ ಇದೆ ಅಂದ್ರಲ್ಲ" ಎಂದಳು.

"ಇದೆ ಅಂತ ನೀನು ಹೇಳಿದ್ಯಲ್ಲಮ್ಮ. ನನಗೆ ಅಷ್ಟೇ ಸಾಕಾಗಿತ್ತು."

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿ ನಿಂತಳು.

ಅತ್ತ ಮೇಜಿನ ಸುತ್ತ ಬೇರೆಯೇ ತೀರ್ಮಾನವಾಗುತ್ತಿತ್ತು. ಇದು ಔಷಧಿ ಎಂದ ಒಬ್ಬ. ತೋಟದ ಮುದುಕಿ ಏನೋ ಹೊಡೆದಿದ್ದಾಳೆ, ದುಃಖದಲ್ಲಿರುವ ಗಂಡಸು ಒಬ್ಬನೇ ಬಂದನೆಂದು ಕೆಟ್ಟ ಹಣ್ಣು ದಾಟಿಸಿದ್ದಾಳೆ ಎಂದ ಇನ್ನೊಬ್ಬ. ಮಾಮನದೇನೂ ತಪ್ಪಿಲ್ಲ, ಅತ್ತು ಅತ್ತು ಮೂಗು ಕಟ್ಟಿಕೊಂಡಿರುತ್ತದೆ ಎಂದು ಟೈಲರ್ ವಕಾಲತ್ತು ವಹಿಸಿದ. ಅವನ ನಾಲಗೆ ಇನ್ನೂ ಜುಮುಜುಮು ಎನ್ನುತ್ತಿತ್ತು. ಬೇಕರಿಯವನು ತೋಟದಮ್ಮನಿಂದ ವರ್ಷವಿಡೀ ಒಣದ್ರಾಕ್ಷಿ ಕೊಳ್ಳುವವನು. ಇವತ್ತಿನಿಂದ ಅದು ಬಂದ್, ಮಾರ್ಕೆಟ್ಟಿನಲ್ಲೂ ಎಲ್ಲರಿಗೂ ಹೇಳಿಬಿಡುತ್ತೇನೆ, ಯಾರು ಕೊಳ್ಳುತ್ತಾರೋ ನೋಡೋಣ ಎಂದು ಎದ್ದು ನಿಂತ.

ಮಾಮ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಬಾಗಿಲು ತೆರೆದುಕೊಟ್ಟು, ದಾರಿ ಗುಡಿಸಿ, ಕೈ ಹಿಡಿದು ಹೊರಗೆ ಕರೆದೊಯ್ಯಲು ಇಡೀ ಬೀದಿ ಸಿದ್ಧವಾಗಿತ್ತು. ಮೂಗಿಗೆ ಶೀತ, ತೋಟದಮ್ಮನಿಗೆ ಅಪವಾದ, ಮುಂದಿನ ವರ್ಷ ಬೇರೆ ತೋಟ. ಮಾಮ ಆ ಬಾಗಿಲನ್ನು ಕಂಡ. ಕೊಂಚ ಹೊತ್ತು ಅದರ ಕಡೆ ನೋಡಿದನೆಂಬುದೂ ನಿಜ. ಆಮೇಲೆ ಮೇಜಿನ ಹತ್ತಿರ ಹೋಗಿ ಬೇಕರಿಯವನ ಭುಜ ಒತ್ತಿ ಕೂರಿಸಿದ.

"ತೋಟದಮ್ಮನ ತಂಟೆಗೆ ಹೋಗಬೇಡಿ. ಹಣ್ಣು ಚೊಕ್ಕವಾಗೇ ಇತ್ತು. ಕೆಡಿಸಿದ್ದು ನಾನು."

ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಸೀದ ಹಾಲು, ಮೊಣಕೈಗೆ ತಾಗುತ್ತಿದ್ದ ಬುಟ್ಟಿ, ನೆಲಕ್ಕಿಳಿಯುತ್ತಿದ್ದ ಬುಟ್ಟಿ, ಈ ವರ್ಷ ತೋಟದಮ್ಮ ಕೆಳಗಿಟ್ಟ ಬುಟ್ಟಿ, ಟಾರ್ಪಾಲು. ಹೇಳುವಾಗ ಒಂದು ಕಡೆಯೂ ಬಣ್ಣ ಹಚ್ಚಲಿಲ್ಲ. ಅವನ ಆ ಬಾಯಿಂದ ಅಷ್ಟು ಸಪ್ಪೆಯಾದ ಮಾತು ಬೀದಿ ಅದುವರೆಗೆ ಕೇಳಿರಲಿಲ್ಲ. ಹೇಳಿ ಮುಗಿಸಿ, ಎಲ್ಲರ ಪಾಲೂ ಹೋಯಿತು, ತಪ್ಪಾಯಿತು ಎಂದ. ಲೋಟದಲ್ಲಿ ಉಳಿದಿದ್ದನ್ನು ಚೆಲ್ಲಿದ. ಖಾಲಿ ಬಾಟಲಿಗಳನ್ನು ಹಿಡಿದುಕೊಂಡು ನಿಂತವರಿಗೆ ಅವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಬೇಕರಿಯವನು ತಲೆ ತಗ್ಗಿಸಿ ಮೇಜಿನ ಮೇಲಿನ ಒಂದು ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ಅತ್ತೆ ಸತ್ತ ದಿನವೂ ಅಳದ ಟೈಲರ್ ಈಗ ಕಣ್ಣೊರೆಸಿಕೊಂಡ. ಅದು ಗುಟುಕಿನ ಪ್ರಭಾವವೆಂದು ಆಮೇಲೆ ಹೇಳಿದ. ಆದರೂ ಸುಮ್ಮನಿರುವ ಜಾಯಮಾನ ಅವನದಲ್ಲ.

"ಅಂದ್ರೆ ಇಷ್ಟು ವರ್ಷ ನಾವೆಲ್ಲ ಒಂದು ಸುಳ್ಳು ಮೂಗನ್ನ ನಂಬಿಕೊಂಡು ಬಂದ್ವಾ ಮಾಮ?"

ಮಾಮ ಖಾಲಿ ಲೋಟವನ್ನು ಮೇಜಿನ ಮೇಲೆ ಮಗುಚಿಟ್ಟ.

"ನೀವು ನಂಬಿದ ಮೂಗು ಸರಿಯಾಗೇ ಇತ್ತಪ್ಪ" ಎಂದ. "ಅದು ಇದ್ದ ಮುಖ ಬೇರೆ, ಅಷ್ಟೆ."